ಓಕ್ರಕೋಕ್ ದ್ವೀಪವೂ ಅದರ ವರ್ತಕರ ಸಂಘವೂ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಇತಿಹಾಸದ ಮೇಲೊಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಯೋಗ್ಯರಾದ ಗುರುಗಳೂ ಊರಿನ ಹಿರಿಯರೂ ಇದ್ದಾರೆ. ಹಾಗಾಗಿ ನಾನು ಬೇರೆ ಒಂದು ಊರಿನ ಇತಿಹಾಸ ಬರೆಯುತ್ತೇನೆಂದು ಒಪ್ಪಿಕೊಂಡೆ. ಆ ಊರು ಅಮೆರಿಕದಲ್ಲಿದೆ. ಆದರೆ ಅಲ್ಲಿನ ಕಥೆ ಓದಿದರೆ ನಮ್ಮ ಭಾಗದವರಿಗೆ ಪರಕೀಯ ಅನ್ನಿಸಲಾರದು ಎಂಬ ಧೈರ್ಯ ನನಗಿದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಶರಾವತಿಯ ಹಿನ್ನೀರು ಕರೂರು, ಬಾರಂಗಿ ಹೋಬಳಿಗಳ ಜನರನ್ನು ಸಾಗರ ಪೇಟೆಯಿಂದ ಹೇಗೆ ದೂರ ಮಾಡಿತು ಎಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನಕ್ಷೆಯ ಪ್ರಕಾರ ನಮ್ಮದು ದ್ವೀಪ ಅಲ್ಲ. ಆದರೂ ನಾವೆಲ್ಲ 'ದ್ವೀಪದವರು' ಎಂದೇ ಕರೆಸಿಕೊಂಡು ಬೆಳೆದವರು. ಹೆರಿಗೆ ನೋವು, ಪರೀಕ್ಷೆ, ಕೊನೆಯ ಬಸ್ಸು ಎಲ್ಲವೂ ಲಾಂಚಿನ ವೇಳೆಗೆ ಹೊಂದಿಕೊಳ್ಳಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಆ ದಿನ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಬಂದ ಫೋಟೋಗಳನ್ನು ನೋಡುತ್ತಾ ನನಗೆ ನೆನಪಾದದ್ದು ಓಕ್ರಕೋಕ್. ಅಲ್ಲಿಗೆ ಇಂದಿಗೂ ಸೇತುವೆ ಇಲ್ಲ.

ಕೆಲಸದ ನಿಮಿತ್ತ ನಾನು ಕೆಲವು ವರ್ಷ ಉತ್ತರ ಕೆರೊಲಿನಾ ರಾಜ್ಯದ ರಾಜಧಾನಿ ರ್‍ಯಾಲಿಯಲ್ಲಿದ್ದೆ. ಸುತ್ತಮುತ್ತ ಸಾಫ್ಟ್‌ವೇರ್ ಮತ್ತು ಔಷಧ ಕಂಪನಿಗಳಿರುವ ಊರು, ಕನ್ನಡಿಗರೂ ಸಾಕಷ್ಟು ಇದ್ದಾರೆ. ಅಲ್ಲಿಂದ ಪೂರ್ವಕ್ಕೆ ಹೋದರೆ ಅಟ್ಲಾಂಟಿಕ್ ಸಮುದ್ರದ ಅಂಚಿನಲ್ಲಿ ಔಟರ್ ಬ್ಯಾಂಕ್ಸ್ ಎಂಬ ಮರಳಿನ ದ್ವೀಪಗಳ ಸಾಲು ಸಿಗುತ್ತದೆ. ಒಂದು ಕಡೆ ತೆರೆದ ಸಮುದ್ರ, ಇನ್ನೊಂದು ಕಡೆ ಪ್ಯಾಮ್ಲಿಕೊ ಸೌಂಡ್ ಎಂಬ ವಿಶಾಲವಾದ ಆದರೆ ಆಳವಿಲ್ಲದ ಒಳಗಡಲು. ಈ ಸಾಲಿನಲ್ಲಿ ಸುಮಾರು 25 ಕಿ.ಮೀ. ಉದ್ದದ, ಅಗಲ ಬಹಳ ಕಡಿಮೆಯಿರುವ ಒಂದು ದ್ವೀಪವೇ ಓಕ್ರಕೋಕ್. ಅದರ ನೈಋತ್ಯದ ತುದಿಯಲ್ಲಿ ಸಿಲ್ವರ್ ಲೇಕ್ ಎಂಬ ಸಣ್ಣ ಬಂದರು, ಆ ಬಂದರಿನ ಸುತ್ತ ಒಂದೇ ಒಂದು ಹಳ್ಳಿ. 2010ರ ಜನಗಣತಿಯಲ್ಲಿ ಅಲ್ಲಿದ್ದವರು 948 ಮಂದಿ. 2020ರಲ್ಲಿ 797. ನಮ್ಮ ಕಡೆಯ ಒಂದು ಸಾಧಾರಣ ಗ್ರಾಮಕ್ಕಿಂತ ಕಡಿಮೆ ಜನ. ಹಳ್ಳಿಯ ಹೊರಗಿನ ದ್ವೀಪವೆಲ್ಲ ಹೆಚ್ಚುಕಡಿಮೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಸೇರಿದ್ದು. ಊರು ಬೆಳೆಯುತ್ತೇನೆಂದರೂ ಜಾಗ ಇಲ್ಲ.

ಹಳೆಯ ಕಥೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಪ್ರವಾಸಿಗಳಿಗೆ ಹೇಳುವುದೆಲ್ಲ ಅದನ್ನೇ. 1718ರ ನವೆಂಬರ್ 22ರಂದು ಬ್ಲ್ಯಾಕ್‌ಬಿಯರ್ಡ್ ಎಂಬ ಕುಪ್ರಸಿದ್ಧ ಕಡಲ್ಗಳ್ಳನನ್ನು ಕೊಂದದ್ದು ಈ ದ್ವೀಪದ ಪಕ್ಕದ ನೀರಿನಲ್ಲಿ. ಕೊಲ್ಲಿಸಿದ್ದು ಪಕ್ಕದ ವರ್ಜೀನಿಯಾದ ಗವರ್ನರ್ ಸ್ಪಾಟ್ಸ್‌ವುಡ್. ತಮ್ಮದೇ ಗವರ್ನರ್ ಏನೂ ಮಾಡಲಿಲ್ಲ ಎಂಬ ಮಾತು ಅಂದಿನಿಂದಲೂ ಇದೆ. ಅದಕ್ಕೂ ಮೊದಲೇ, 1715ರಲ್ಲಿ, ಓಕ್ರಕೋಕ್ ಕಡಲ್ಬಾಯಿಯಲ್ಲಿ ಹಡಗುಗಳಿಗೆ ದಾರಿ ತೋರಿಸುವ ಪೈಲಟ್‌ಗಳನ್ನು ನೆಲೆಗೊಳಿಸಬೇಕೆಂದು ವಸಾಹತು ಶಾಸನಸಭೆ ಕಾನೂನು ಮಾಡಿತ್ತು. ಊರು ಹುಟ್ಟಿದ್ದು ಹಾಗೆ, ಹಡಗಿನವರ ಸೇವೆಗೆಂದು. 1823ರಲ್ಲಿ ಕಟ್ಟಿದ ಬಿಳಿಯ ದೀಪಸ್ತಂಭ ಇಂದಿಗೂ ಉರಿಯುತ್ತದೆ.

ನನಗೆ ಕಡಲ್ಗಳ್ಳನಿಗಿಂತ ಮುಖ್ಯವೆನಿಸುವುದು 1846ರ ಸೆಪ್ಟೆಂಬರ್. ಆ ತಿಂಗಳು ಬಂದ ಒಂದು ಚಂಡಮಾರುತ ಮರಳಿನ ಸಾಲನ್ನು ಎರಡು ಕಡೆ ಸೀಳಿ ಹ್ಯಾಟರಸ್ ಮತ್ತು ಆರೆಗನ್ ಎಂಬ ಎರಡು ಹೊಸ ಕಡಲ್ಬಾಯಿಗಳನ್ನು ತೆರೆಯಿತು. ಹಡಗುಗಳು ಕ್ರಮೇಣ ಹೊಸ ದಾರಿ ಹಿಡಿದವು. ಓಕ್ರಕೋಕ್ ಕಡಲ್ಬಾಯಿಯ ಆಚೆ ದಡದಲ್ಲಿ ಪೋರ್ಟ್ಸ್‌ಮತ್ ಎಂಬ ಇನ್ನೊಂದು ಊರಿತ್ತು. 1860ರ ಹೊತ್ತಿಗೆ ಅಲ್ಲಿ 600ಕ್ಕೂ ಹೆಚ್ಚು ಜನರಿದ್ದರು. ಹಡಗು ತಪ್ಪಿತು, ಕೆಲಸ ತಪ್ಪಿತು, ಒಂದೊಂದೇ ಮನೆ ಖಾಲಿ ಆಯಿತು. 1959ರಲ್ಲಿ ಅಂಚೆ ಕಚೇರಿ ಮುಚ್ಚಿತು. 1971ರಲ್ಲಿ ಕೊನೆಯ ನಿವಾಸಿಗಳು ಊರು ಬಿಟ್ಟರು. ಶಾಲೆ, ಚರ್ಚು, ಮನೆಗಳು ಈಗಲೂ ನಿಂತಿವೆ, ಸರ್ಕಾರ ಅವನ್ನು ಜೋಪಾನ ಮಾಡುತ್ತದೆ, ಪ್ರವಾಸಿಗಳು ದೋಣಿಯಲ್ಲಿ ಹೋಗಿ ನೋಡಿ ಬರುತ್ತಾರೆ. ಜನರಿಲ್ಲ. ನೀರಿನಡಿ ಹೋದ ಊರುಗಳನ್ನು ಕೇಳಿ ಬಲ್ಲ ನಮಗೆ, ನೀರು ಮುಟ್ಟದೆಯೂ ಊರು ಮುಳುಗಬಹುದೆಂದು ಪೋರ್ಟ್ಸ್‌ಮತ್ ತೋರಿಸುತ್ತದೆ. ಓಕ್ರಕೋಕಿನವರು ಅದನ್ನು ದಿನವೂ ಎದುರಿನ ದಡದಲ್ಲೇ ನೋಡುತ್ತಾರೆ.

ಓಕ್ರಕೋಕ್ ಯಾಕೆ ಹಾಗಾಗಲಿಲ್ಲ? ಮೀನುಗಾರಿಕೆ ಇತ್ತು, ಕರಾವಳಿ ರಕ್ಷಣಾ ಠಾಣೆಯ ನೌಕರಿ ಇತ್ತು. 1942ರಲ್ಲಿ ಯುದ್ಧದ ಕಾರಣಕ್ಕೆ ನೌಕಾಪಡೆ ಬಂದು ಬಂದರಿನ ಹೂಳು ತೆಗೆಯಿತು. ಇವುಗಳ ಜೊತೆಗೆ ಕೆಲವು ವ್ಯಾಪಾರಸ್ಥರ ಹಠವೂ ಇತ್ತು ಎಂಬುದು ನನ್ನ ಅಭಿಪ್ರಾಯ. ಸ್ಟಾನ್ಲಿ ವಹಾಬ್ ಎಂಬ ದ್ವೀಪದವನೇ ಆದ ವ್ಯಾಪಾರಿ 1936ರಲ್ಲಿ ಅಲ್ಲಿ ಒಂದು ಹೋಟೆಲು ಕಟ್ಟಿದ. ದ್ವೀಪಕ್ಕೆ ಪ್ರವಾಸಿಗಳು ಬಂದಾರೆಂದು ಆಗ ಹೆಚ್ಚು ಜನ ನಂಬಿರಲಿಕ್ಕಿಲ್ಲ. ವಿದ್ಯುತ್ತೂ ಐಸ್ ಫ್ಯಾಕ್ಟರಿಯೂ ಬರುವುದರ ಹಿಂದೆ ಅದೇ ಮನುಷ್ಯ ಇದ್ದ. ಐಸ್ ಇದ್ದರೆ ಹಿಡಿದ ಮೀನು ಕೆಡದೆ ದಡ ಸೇರುತ್ತದೆ. ಹಾಗೆಯೇ 1950ರ ಸುಮಾರಿಗೆ ಹ್ಯಾಟರಸ್ ಕಡೆಯ ಒಬ್ಬರು ತಮ್ಮದೇ ಸಣ್ಣ ದೋಣಿಯಲ್ಲಿ ಕಾರುಗಳನ್ನು ದಾಟಿಸಲು ಶುರು ಮಾಡಿದರು. 1957ರಲ್ಲಿ ರಾಜ್ಯ ಸರ್ಕಾರ ಆ ಸೇವೆಯನ್ನು ವಹಿಸಿಕೊಂಡಿತು. ಮೊದಲು ಖಾಸಗಿಯವರು ಕೈ ಸುಟ್ಟುಕೊಳ್ಳುವ ಧೈರ್ಯ ಮಾಡುವುದು, ಆಮೇಲೆ ಸರ್ಕಾರ ಬರುವುದು, ಈ ಕ್ರಮ ನಮ್ಮ ಮಲೆನಾಡಿನ ಬಸ್ಸುಗಳ ಇತಿಹಾಸವನ್ನು ಬಲ್ಲವರಿಗೆ ಹೊಸದಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಓಕ್ರಕೋಕಿಗೆ ಪಂಚಾಯಿತಿ ಇಲ್ಲ. ಇದನ್ನು ಮೊದಲು ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಆ ರಾಜ್ಯದಲ್ಲಿ ಒಂದು ಊರಿನವರು ಬಯಸಿ, ರಾಜ್ಯ ಶಾಸನಸಭೆ ಒಪ್ಪಿದರೆ ಮಾತ್ರ ಅದು ಪುರಸಭೆಯಾಗುತ್ತದೆ. ಇಲ್ಲದಿದ್ದರೆ ಆಡಳಿತವೆಲ್ಲ ಕೌಂಟಿಯದು, ಅಂದರೆ ನಮ್ಮ ಜಿಲ್ಲೆಯಂತಹದು. ಓಕ್ರಕೋಕಿನಲ್ಲಿ ಪುರಸಭೆ ಮಾಡಿಕೊಳ್ಳುವ ಮಾತು ಹಲವು ಸಲ ಎದ್ದು ತಣ್ಣಗಾಗಿದೆ. ತೆರಿಗೆ ಹೆಚ್ಚಾಗುತ್ತದೆ ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ, ನಮ್ಮ ಪಾಡಿಗೆ ನಮ್ಮನ್ನು ಬಿಡಿ ಎನ್ನುವ ದ್ವೀಪದ ಸ್ವಭಾವ. ಆದ್ದರಿಂದ ಅಲ್ಲಿ ಮೇಯರ್ ಇಲ್ಲ, ಅಧ್ಯಕ್ಷರಿಲ್ಲ, ಗ್ರಾಮಸಭೆ ಇಲ್ಲ. 1845ರಿಂದ ದ್ವೀಪ ಹೈಡ್ ಕೌಂಟಿಗೆ ಸೇರಿದೆ. ಕೌಂಟಿಯ ಕೇಂದ್ರ ಸ್ವಾನ್ ಕ್ವಾರ್ಟರ್, ಒಳಗಡಲಿನ ಆಚೆ ದಡದಲ್ಲಿ. ಫೆರಿಯಲ್ಲಿ ಎರಡೂವರೆ ತಾಸಿಗೂ ಹೆಚ್ಚಿನ ಪ್ರಯಾಣ. ಕೌಂಟಿಯ ಆಡಳಿತ ಮಂಡಳಿಯಲ್ಲಿ ಐವರು ಸದಸ್ಯರು, ದ್ವೀಪದವರು ಒಬ್ಬರು. ಆಚೆ ದಡದವರು ಬೇಸಾಯದವರು, ಈಚೆ ದಡದವರು ಪ್ರವಾಸಿಗಳನ್ನು ನಂಬಿದವರು. ಆ ಕೌಂಟಿಯಲ್ಲಿ ವಸತಿಗೃಹಗಳಿಂದ ಬರುವ ತೆರಿಗೆ ಬಹುಪಾಲು ದ್ವೀಪದಿಂದಲೇ ಬರುತ್ತದೆ. ಮತ ಎಣಿಸಿದರೆ ಮಾತ್ರ ಐದರಲ್ಲಿ ಒಂದು. ಇತ್ತೀಚಿನ ವರ್ಷಗಳಲ್ಲಿ ಕೌಂಟಿ ಸಭೆಗಳನ್ನು ವಿಡಿಯೋ ಸಂಪರ್ಕದಿಂದ ದ್ವೀಪದ ಸಮುದಾಯ ಭವನಕ್ಕೂ ಜೋಡಿಸುತ್ತಾರೆ. ನನ್ನ ವೃತ್ತಿಯವರಿಗೆ ಸಣ್ಣ ಕೆಲಸ. ಆದರೆ ಒಂದು ಅರ್ಜಿ ಕೊಡಲು ಐದು ತಾಸು ನೀರಿನ ಮೇಲೆ ಕಳೆಯಬೇಕಾದವರಿಗೆ ಅದರ ಬೆಲೆ ಗೊತ್ತು.

ಹೀಗೆ ಖಾಲಿಯಾಗಿರುವ ಜಾಗವನ್ನು ತುಂಬಲು ದ್ವೀಪದಲ್ಲಿ ಹಲವು ಸಣ್ಣ ಸಣ್ಣ ಮಂಡಳಿಗಳಿವೆ. ಕುಡಿಯುವ ನೀರಿಗೊಂದು, ತೆರಿಗೆ ಹಣ ಹಂಚುವುದಕ್ಕೊಂದು, ಯೋಜನೆಗೊಂದು, ಸೊಳ್ಳೆ ನಿಯಂತ್ರಣಕ್ಕೂ ಒಂದು ಪ್ರತ್ಯೇಕ ಮಂಡಳಿ. (ಸೊಳ್ಳೆಯ ವಿಷಯದಲ್ಲಿ ಉತ್ಪ್ರೇಕ್ಷೆ ಇಲ್ಲ. ಬೇಸಿಗೆಯ ಸಂಜೆ ಅಲ್ಲಿ ನಿಂತವರಿಗೆ ಆ ಮಂಡಳಿಯ ಅಗತ್ಯ ತಿಳಿಯುತ್ತದೆ.) ಇವುಗಳ ನಡುವೆ ಇಡೀ ಊರಿನ ಬಗ್ಗೆ ಮಾತನಾಡುವ ಒಂದು ಸಂಸ್ಥೆಯೇ ಓಕ್ರಕೋಕ್ ಸಿವಿಕ್ ಅಂಡ್ ಬಿಸಿನೆಸ್ ಅಸೋಸಿಯೇಷನ್, ಅಂದರೆ ನಾಗರಿಕರ ಮತ್ತು ವರ್ತಕರ ಸಂಘ. ಲಾಭಕ್ಕಾಗಿ ಇರುವುದಲ್ಲ, ಸದಸ್ಯತ್ವದ ಹಣದಿಂದಲೂ ಸ್ವಯಂಸೇವಕರಿಂದಲೂ ನಡೆಯುವಂಥದ್ದು. ಹೋಟೆಲಿನವರು, ಅಂಗಡಿಯವರು, ಮನೆ ಬಾಡಿಗೆಗೆ ಕೊಡುವವರು, ದೋಣಿಯವರು, ಸೈಕಲ್ ಬಾಡಿಗೆಯವರು ಅದರಲ್ಲಿದ್ದಾರೆ. ವ್ಯಾಪಾರವಿಲ್ಲದ ನಾಗರಿಕರೂ ಸದಸ್ಯರಾಗಬಹುದು. ಹೊರಗಿನವರ ಕಣ್ಣಿಗೆ ಬೀಳುವುದು ಜುಲೈ 4ರ ಸ್ವಾತಂತ್ರ್ಯ ದಿನದ ಮೆರವಣಿಗೆ. ಆದರೆ ಸಂಘದ ನಿಜವಾದ ಕೆಲಸ ಬೇರೆ. ಫೆರಿ ಇಲಾಖೆ ವೇಳಾಪಟ್ಟಿ ಬದಲಾಯಿಸಿದಾಗ, ಹೂಳು ತುಂಬಿದಾಗ, ರಸ್ತೆ ಕೊಚ್ಚಿಹೋದಾಗ, 'ಓಕ್ರಕೋಕಿನವರು ಏನು ಹೇಳುತ್ತಾರೆ' ಎಂದು ರಾಜಧಾನಿಯವರು ಕೇಳಿದರೆ ಉತ್ತರಿಸಲು ಯಾರಾದರೂ ಇರಬೇಕಲ್ಲ. ಉತ್ತರ ಕೊಡುವವರ ಸಾಲಿನಲ್ಲಿ ಈ ಸಂಘ ಮುಂದಿರುತ್ತದೆ.

ಫೆರಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ದ್ವೀಪಕ್ಕೆ ಮೂರು ಜಲಮಾರ್ಗಗಳಿವೆ. ಸ್ವಾನ್ ಕ್ವಾರ್ಟರ್‌ನಿಂದ ಮತ್ತು ಸೀಡರ್ ಐಲ್ಯಾಂಡ್‌ನಿಂದ ಬರುವ ಎರಡು ದೂರದವು, ಅವಕ್ಕೆ ಶುಲ್ಕ ಉಂಟು. ಮೂರನೆಯದು ಹ್ಯಾಟರಸ್ ದ್ವೀಪದಿಂದ ಬರುವ ಹತ್ತಿರದ ದಾರಿ, ಅದು ಉಚಿತ. ಹೆಚ್ಚಿನ ಪ್ರವಾಸಿಗಳು ಬರುವುದು ಇದರಲ್ಲಿ. 12ನೇ ರಾಜ್ಯ ಹೆದ್ದಾರಿ ಹ್ಯಾಟರಸ್ ತುದಿಯಲ್ಲಿ ನೀರಿಗೆ ಬಂದು ನಿಂತು, ಫೆರಿಯ ಮೇಲೆ ದಾಟಿ, ಓಕ್ರಕೋಕಿನಲ್ಲಿ ಅದೇ ಸಂಖ್ಯೆಯಿಂದ ಮುಂದುವರಿಯುತ್ತದೆ. ದ್ವೀಪದವರ ವಾದವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ: ಫೆರಿ ನಮಗೆ ವಿಹಾರವಲ್ಲ, ಹೆದ್ದಾರಿ. ಬೇರೆಯವರ ಹೆದ್ದಾರಿಗೆ ಸುಂಕವಿಲ್ಲದಿದ್ದರೆ ನಮ್ಮದಕ್ಕೆ ಏಕೆ?

2011ರಲ್ಲಿ ರಾಜ್ಯ ಶಾಸನಸಭೆ ಫೆರಿಗಳಿಂದ ಹೆಚ್ಚು ಶುಲ್ಕ ಸಂಗ್ರಹಿಸಬೇಕೆಂದು ಬಜೆಟ್ಟಿನಲ್ಲಿ ಸೇರಿಸಿತು. ಕರಾವಳಿಯ ಊರುಗಳೆಲ್ಲ ಎದ್ದವು. ಓಕ್ರಕೋಕಿನವರೂ ವಿಚಾರಣಾ ಸಭೆಗಳಿಗೆ ಹೋಗಿ ಮಾತಾಡಿದರು. 2012ರ ಆರಂಭದಲ್ಲಿ ಗವರ್ನರ್ ಬೆವರ್ಲಿ ಪರ್ಡ್ಯೂ ಒಂದು ವರ್ಷದ ಮಟ್ಟಿಗೆ ಶುಲ್ಕವನ್ನು ತಡೆಹಿಡಿದು ಆದೇಶಿಸಿದರು. 2013ರಲ್ಲಿ ಕಾನೂನು ಬದಲಾಗಿ, ಶುಲ್ಕದ ತೀರ್ಮಾನವನ್ನು ಆಯಾ ಪ್ರದೇಶದ ಸಾರಿಗೆ ಯೋಜನಾ ಮಂಡಳಿಗಳಿಗೆ ಬಿಟ್ಟರು. ಹ್ಯಾಟರಸ್ ದಾರಿಯಲ್ಲಿ ಕಾರು ದಾಟಿಸುವುದು ಉಚಿತವಾಗಿಯೇ ಉಳಿಯಿತು. ಗೆದ್ದರು ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಕಡೆಯಿಂದ ಪೆಟ್ಟು ಬಿತ್ತು, ಈ ಸಲ ಮರಳಿನಿಂದ.

ಕಡಲ್ಬಾಯಿಯಲ್ಲಿ ಮರಳು ಒಂದೇ ಕಡೆ ನಿಲ್ಲುವುದಿಲ್ಲ. ಅಲೆ ಒಳಗೆ ತಳ್ಳುತ್ತದೆ, ಇಳಿತದ ಪ್ರವಾಹ ಹೊರಗೆ ಎಳೆಯುತ್ತದೆ, ಪ್ರತಿ ಚಂಡಮಾರುತವೂ ಹಳೆಯ ಲೆಕ್ಕವನ್ನು ಅಳಿಸಿ ಹೊಸದು ಬರೆಯುತ್ತದೆ. 2012ರ ಸ್ಯಾಂಡಿ ಚಂಡಮಾರುತದ ನಂತರ ಹ್ಯಾಟರಸ್ ದಾರಿಯಲ್ಲಿ ಹೂಳು ವಿಪರೀತವಾಯಿತು. ಎಷ್ಟು ಅಗೆದರೂ ಮತ್ತೆ ತುಂಬುತ್ತಿತ್ತು. ಅಗೆಯುವುದು ಕೇಂದ್ರದ ಸೇನಾ ಎಂಜಿನಿಯರುಗಳ ಕೆಲಸವೋ ರಾಜ್ಯದ್ದೋ ಎಂಬ ತಕರಾರು ಬೇರೆ. ಕೊನೆಗೆ ಫೆರಿಗಳು ಒಳಗಡಲಿನ ಕಡೆಯಿಂದ ಕುದುರೆ ಲಾಳದ ಆಕಾರದಲ್ಲಿ ಸುತ್ತುಹಾಕಿ ಬರಬೇಕಾಯಿತು. 40 ನಿಮಿಷದ ದಾರಿ ಒಂದು ತಾಸಿಗೂ ಮೀರಿತು. ಎಂಜಿನಿಯರ್ ಆಗಿ ಇದನ್ನು ಹೀಗೆ ನೋಡುತ್ತೇನೆ: ದೋಣಿಗಳ ಸಂಖ್ಯೆ ಅಷ್ಟೇ ಇದ್ದು ಪ್ರತಿ ಸುತ್ತಿನ ಸಮಯ ಹೆಚ್ಚಾದರೆ ದಿನಕ್ಕೆ ಹೊಡೆಯುವ ಸುತ್ತು ಕಡಿಮೆ, ದಾಟುವ ಕಾರುಗಳು ಕಡಿಮೆ, ದಡದಲ್ಲಿ ಸಾಲು ಉದ್ದ. ಒಂದು ದಿನದ ಮಟ್ಟಿಗೆ ಬರುವವನು ಸಾಲಿನಲ್ಲಿ ಎರಡು ಮೂರು ತಾಸು ಕಾದು ಬೇಸತ್ತು ಕಾರು ತಿರುಗಿಸುತ್ತಾನೆ. ಅಂಗಡಿಯಲ್ಲಿ ಆ ದಿನ ಐಸ್‌ಕ್ರೀಮ್ ಮಾರಾಟವಾಗುವುದಿಲ್ಲ, ಹೋಟೆಲಿನಲ್ಲಿ ಊಟ ಉಳಿಯುತ್ತದೆ. ಬೇಸಿಗೆಯ ಮೂರು ತಿಂಗಳಲ್ಲಿ ವರ್ಷದ ಸಂಪಾದನೆ ಮಾಡಬೇಕಾದ ಊರಿಗೆ ಇದು ಸಣ್ಣ ಮಾತಲ್ಲ.

ಸಂಘದ ಸಭೆಗಳಲ್ಲಿ ಇದು ವರ್ಷಗಟ್ಟಲೆ ಚರ್ಚೆಯಾಯಿತು. ಕಾರುಗಳನ್ನೇ ಏಕೆ ದಾಟಿಸಬೇಕು, ಜನರನ್ನು ಮಾತ್ರ ದಾಟಿಸಿದರೆ ಸಾಲದೇ ಎಂಬ ಪ್ರಶ್ನೆಯಿಂದ ಹುಟ್ಟಿದ್ದು ಪ್ರಯಾಣಿಕರ ವೇಗದ ಫೆರಿ. ರಾಜ್ಯ ಸಾರಿಗೆ ಇಲಾಖೆ 2016ರಲ್ಲಿ ಅಧ್ಯಯನ ಮಾಡಿಸಿತು. 2019ರ ಮೇ ತಿಂಗಳಲ್ಲಿ, ತಾನು ಕಟ್ಟಿಸುತ್ತಿದ್ದ ಹಡಗು ತಡವಾದ್ದರಿಂದ ಬಾಡಿಗೆಗೆ ತಂದ ಹಡಗಿನಲ್ಲೇ ಸೇವೆ ಶುರುವಾಯಿತು. ಹ್ಯಾಟರಸ್‌ನಿಂದ ನೇರ ಹಳ್ಳಿಯ ಬಂದರಿಗೇ ಬಂದು ಇಳಿಯಬಹುದು, ಊರೊಳಗೆ ಓಡಾಡಲು ಉಚಿತ ಟ್ರಾಮ್ ಬಂಡಿ. ಕಾರಿನ ಫೆರಿ ಇಳಿಸುವುದು ಹಳ್ಳಿಯಿಂದ ಬಹುದೂರ, ದ್ವೀಪದ ಇನ್ನೊಂದು ತುದಿಯಲ್ಲಿ. ಹಾಗಾಗಿ ಈ ವ್ಯವಸ್ಥೆ ಜನರಿಗೆ ಹಿಡಿಸಿತು.

ನಡುವೆ ಎರಡು ಘಟನೆ ಹೇಳಿಬಿಡುತ್ತೇನೆ. 2006ರಲ್ಲಿ ದ್ವೀಪದ ಕೊನೆಯ ಮೀನು ಮಂಡಿ ಮುಚ್ಚುವ ಹಂತಕ್ಕೆ ಬಂತು. ಮಂಡಿ ಹೋದರೆ ಹಿಡಿದ ಮೀನಿಗೆ ಐಸೂ ಇಲ್ಲ, ಕೊಳ್ಳುವವರೂ ಇಲ್ಲ, ಅಂದರೆ ಮೀನುಗಾರಿಕೆಯೇ ಮುಗಿದಂತೆ. ಬಂದರಿನ ದಂಡೆಯ ಜಾಗಕ್ಕೆ ಬಂಗಾರದ ಬೆಲೆ, ಯಾರಾದರೂ ಕೊಂಡು ಮನೆ ಕಟ್ಟುತ್ತಿದ್ದರು. ಆಗ ಮೀನುಗಾರರೇ ತಮ್ಮದೊಂದು ಸಂಘ ಕಟ್ಟಿದರು. ತಂಬಾಕು ಕಂಪನಿಗಳು ರಾಜ್ಯಕ್ಕೆ ಕೊಟ್ಟ ಪರಿಹಾರದ ಹಣದಿಂದ ನಡೆಯುವ ಪ್ರತಿಷ್ಠಾನವೊಂದರ ನೆರವು ಪಡೆದು ಆ ಮಂಡಿಯನ್ನು ಉಳಿಸಿಕೊಂಡರು. ನನಗೆ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದು. ನಮ್ಮ ಅಡಿಕೆ ಬೆಳೆಗಾರರ ಸಹಕಾರ ಸಂಘಗಳನ್ನು ನೋಡಿ ಬೆಳೆದದ್ದಕ್ಕೋ ಏನೋ.

ಎರಡನೆಯದು 2017ರ ಜುಲೈ 27. ಉತ್ತರಕ್ಕೆ ಬಹಳ ದೂರದಲ್ಲಿ ಹೊಸ ಸೇತುವೆ ಕಟ್ಟುತ್ತಿದ್ದವರು ಉಕ್ಕಿನ ಕೊಳವೆಯೊಂದನ್ನು ನೆಲಕ್ಕೆ ಇಳಿಸುವಾಗ ವಿದ್ಯುತ್ತಿನ ಮುಖ್ಯ ತಂತಿಯನ್ನೇ ಕಡಿದರು. ಹ್ಯಾಟರಸ್, ಓಕ್ರಕೋಕ್ ಎರಡೂ ಕತ್ತಲೆ. ಪ್ರವಾಸಿಗಳನ್ನೆಲ್ಲ ಹೊರಗೆ ಕಳಿಸಿದರು. ಸುಗ್ಗಿಯ ಒಂದು ವಾರ ಹೋಯಿತು. ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು, ಮುಂದಿನ ವರ್ಷ ಒಂದು ಕೋಟಿ ಡಾಲರಿಗೂ ಹೆಚ್ಚಿನ ಮೊತ್ತಕ್ಕೆ ರಾಜಿ ಆಯಿತು. ಮನುಷ್ಯ ಮಾಡಿದ ತಪ್ಪಿಗೆ ಮನುಷ್ಯನಿಂದ ಪರಿಹಾರ ಪಡೆಯಬಹುದು. ಎರಡು ವರ್ಷದ ನಂತರ ಬಂದದ್ದು ಹಾಗಿರಲಿಲ್ಲ.

2019ರ ಸೆಪ್ಟೆಂಬರ್ 6, ಶುಕ್ರವಾರ ಬೆಳಗ್ಗೆ. ಡೋರಿಯನ್ ಚಂಡಮಾರುತದ ಕಣ್ಣು ಹ್ಯಾಟರಸ್ ಭೂಶಿರದ ಮೇಲೆ ಹಾದುಹೋಯಿತು. ದ್ವೀಪದವರು ಸಮುದ್ರಕ್ಕೆ ಹೆದರುವವರಲ್ಲ, ಆ ಕಡೆ ಮರಳಿನ ದಿಬ್ಬಗಳಿವೆ. ಅವರಿಗೆ ಅಪಾಯ ಬೆನ್ನ ಹಿಂದಿನ ಒಳಗಡಲಿನಿಂದ. ಮೊದಲು ಬೀಸಿದ ಗಾಳಿ ಪ್ಯಾಮ್ಲಿಕೊ ಸೌಂಡಿನ ನೀರನ್ನೆಲ್ಲ ಒಳನಾಡಿನ ಕಡೆಗೆ ತಳ್ಳಿ ಒಟ್ಟುಗೂಡಿಸಿತು. ಕಣ್ಣು ದಾಟಿದ ಕೂಡಲೇ ಗಾಳಿ ದಿಕ್ಕು ಬದಲಿಸಿತು, ಅಷ್ಟೂ ನೀರು ದ್ವೀಪದ ಹಿತ್ತಲಿಗೆ ನುಗ್ಗಿತು. ತಟ್ಟೆಯಲ್ಲಿ ನೀರು ತುಂಬಿಕೊಂಡು ಒಂದು ಕಡೆ ಎತ್ತಿ ಥಟ್ಟನೆ ಬಿಟ್ಟಂತೆ. ಬಹಳ ಕಡಿಮೆ ಹೊತ್ತಿನಲ್ಲಿ ನೀರು ಏಳು ಅಡಿಯವರೆಗೆ ಏರಿತು. ಜನ ಅಟ್ಟ ಹತ್ತಿ ಕುಳಿತರು. ದೋಣಿಯಲ್ಲಿ ನೆರೆಮನೆಯವರನ್ನು ಕಿಟಕಿಯಿಂದ ಇಳಿಸಿಕೊಂಡರು. ಜೀವಹಾನಿಯಾಗಿ ಊರು ಬರಿದಾಗಲಿಲ್ಲ ಎಂಬುದೊಂದೇ ಸಮಾಧಾನ. 1944ರ ದೊಡ್ಡ ಚಂಡಮಾರುತದ ನೀರಿನ ಗುರುತನ್ನು ಹಿರಿಯರು ಗೋಡೆಗಳ ಮೇಲೆ ತೋರಿಸುತ್ತಿದ್ದರಂತೆ. ಡೋರಿಯನ್ ಅದನ್ನೂ ಮೀರಿತು. ಮನೆ, ಅಂಗಡಿ, ಕಾರು, ಶಾಲೆ ಎಲ್ಲವೂ ಉಪ್ಪುನೀರಿನಲ್ಲಿ ನೆನೆದವು. ದ್ವೀಪದ ಆಚೆ ತುದಿಯಲ್ಲಿ ಹೆದ್ದಾರಿಯೇ ಕಿತ್ತುಹೋಯಿತು. ಪ್ರವಾಸಿಗಳಿಗೆ ದ್ವೀಪ ಮತ್ತೆ ತೆರೆದದ್ದು ಡಿಸೆಂಬರಿನಲ್ಲಿ.

ಇಲ್ಲಿ ಒಂದು ವಿಚಿತ್ರ ನಡೆಯಿತು, ಈ ಲೇಖನ ಬರೆಯಲು ನನಗೆ ನಿಜವಾದ ಕಾರಣ ಅದೇ. ಅಮೆರಿಕದಲ್ಲಿ ವಿಪತ್ತು ಬಂದಾಗ ಕೇಂದ್ರದ ಫೆಮಾ ಎಂಬ ಸಂಸ್ಥೆ ಎರಡು ಬಗೆಯ ನೆರವು ಕೊಡುತ್ತದೆ. ರಸ್ತೆ, ಕಟ್ಟಡದಂತಹ ಸಾರ್ವಜನಿಕ ಆಸ್ತಿಗೆ ಒಂದು, ಮನೆ ಕಳೆದುಕೊಂಡ ಕುಟುಂಬಗಳಿಗೆ ಇನ್ನೊಂದು. ಮೊದಲನೆಯದು ಸಿಕ್ಕಿತು. ಎರಡನೆಯದಕ್ಕೆ ಗವರ್ನರ್ ರಾಯ್ ಕೂಪರ್ ಸಲ್ಲಿಸಿದ ಕೋರಿಕೆ ತಿರಸ್ಕೃತವಾಯಿತು. ಹಾನಿ ತೀವ್ರವಾಗಿತ್ತು, ಆದರೆ ಹಾನಿಗೊಳಗಾದ ಮನೆಗಳ ಒಟ್ಟು ಸಂಖ್ಯೆ ಸಣ್ಣದು. ಒಂದು ಕೋಟಿಗೂ ಹೆಚ್ಚು ಜನರಿರುವ ಶ್ರೀಮಂತ ರಾಜ್ಯ ಇಷ್ಟನ್ನು ತಾನೇ ನಿಭಾಯಿಸಬಲ್ಲದು ಎಂಬ ತರ್ಕ. ನಮ್ಮ ಕಂಪನಿಗಳಲ್ಲಿ ಸಾವಿರಾರು ಸರ್ವರುಗಳ ಮೇಲೆ ಕಣ್ಣಿಡುವ ತಂತ್ರಾಂಶಗಳಿರುತ್ತವೆ. ಒಟ್ಟು ದೋಷದ ಪ್ರಮಾಣ ಒಂದು ಮಿತಿ ದಾಟಿದರೆ ಗಂಟೆ ಬಾರಿಸುತ್ತವೆ. ಒಂದು ಸಣ್ಣ ಸೇವೆ ನೂರಕ್ಕೆ ನೂರು ಸತ್ತುಹೋಗಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ, ಗಂಟೆ ಮೊಳಗುವುದಿಲ್ಲ. ಓಕ್ರಕೋಕಿಗೆ ಆದದ್ದು ಇದೇ. ಊರಿಗೆ ಊರೇ ಮುಳುಗಿತ್ತು, ಸರಾಸರಿಯಲ್ಲಿ ಏನೂ ಆಗಿರಲಿಲ್ಲ.

ಹೀಗಿರುವಾಗ ಜನರನ್ನು ಉಳಿಸಿದ್ದು ಯಾರು? ಅಲ್ಲಿನ ಚರ್ಚುಗಳು ಒಟ್ಟಾಗಿ ಪರಿಹಾರ ತಂಡ ಕಟ್ಟಿದವು. ಹೊರಗಿನ ಸ್ವಯಂಸೇವಕರು ಬಂದು ಕೊಳೆತ ಗೋಡೆಗಳನ್ನು ಕಿತ್ತರು. ರಾಜ್ಯ ಸರ್ಕಾರ ಹಣ ಕೊಟ್ಟಿತು. ವ್ಯಾಪಾರಿಗಳು ತಮ್ಮ ಅಂಗಡಿಯ ಕೆಸರು ತೆಗೆಯುತ್ತಲೇ ಕಚೇರಿಗಳಿಗೆ ಪತ್ರ ಬರೆದರು, ಯಾರು ಯಾವಾಗ ತೆರೆಯುತ್ತಾರೆಂದು ಪಟ್ಟಿ ಮಾಡಿದರು, ರಸ್ತೆ ಬೇಗ ಮಾಡಿ ಎಂದು ಒತ್ತಾಯಿಸಿದರು. ಹೊರಗಿನವರಿಗೆ ದ್ವೀಪ ಮುಗಿದುಹೋಯಿತೆಂಬ ಭಾವನೆ ಬಂದರೆ ಮುಂದಿನ ಬೇಸಿಗೆಯೂ ಹೋದಂತೆಯೇ ಎಂದು ಅವರಿಗೆ ಗೊತ್ತಿತ್ತು. ಆ ಬೇಸಿಗೆಗೆ ಮುಂಚೆಯೇ, 2020ರ ಮಾರ್ಚ್‌ನಲ್ಲಿ, ಕೋವಿಡ್ ಬಂದು ದ್ವೀಪದ ಬಾಗಿಲನ್ನು ಪ್ರವಾಸಿಗಳಿಗೆ ಮತ್ತೆ ಮುಚ್ಚಬೇಕಾಯಿತು. ತೆರೆದದ್ದು ಮೇ ತಿಂಗಳಲ್ಲಿ.

ವರ್ತಕರ ಸಂಘವೊಂದು ಇಡೀ ಊರಿನ ಪರವಾಗಿ ಮಾತಾಡಬಹುದೇ ಎಂಬ ಪ್ರಶ್ನೆ ಓದುಗರಿಗೆ ಬಂದಿರಬೇಕು. ನನಗೂ ಬಂದಿದೆ. ಪ್ರವಾಸಿಗಳು ಹೆಚ್ಚಿದಷ್ಟೂ ಅಂಗಡಿಗೆ ಒಳ್ಳೆಯದು, ಆದರೆ ಮನೆಗಳೆಲ್ಲ ವಾರದ ಬಾಡಿಗೆಗೆ ಹೋಗಿ ಅಲ್ಲೇ ದುಡಿಯುವವರಿಗೆ ಇರಲು ಮನೆ ಸಿಗುವುದಿಲ್ಲ. ಹೋಟೆಲುಗಳ ಅಡುಗೆ, ಕಟ್ಟಡ ಕೆಲಸ, ಶುಚಿ ಕೆಲಸ ಮಾಡುವವರಲ್ಲಿ ಮೆಕ್ಸಿಕೊದಿಂದ ಬಂದ ಕುಟುಂಬಗಳು ಬಹಳ. ಅವರ ಮಕ್ಕಳು ದ್ವೀಪದ ಶಾಲೆಯಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರ ಮಾತು ಯಾವ ಸಭೆಯಲ್ಲಿ ಎಷ್ಟು ಕೇಳಿಸುತ್ತದೆ? ಮೀನುಗಾರನಿಗೂ ರೆಸಾರ್ಟಿನವನಿಗೂ ಬೇಕಾದದ್ದು ಒಂದೇ ಅಲ್ಲ. ಆದರೂ ಫೆರಿ ನಿಂತರೆ ಎಲ್ಲರಿಗೂ ನಿಂತಂತೆ. ಅಂಗಡಿ ಮುಚ್ಚಿದರೆ ಹಾಲು, ಔಷಧಿ ತರಲು ಎಲ್ಲರೂ ನೀರು ದಾಟಬೇಕು. ಇಷ್ಟು ಸಣ್ಣ ಊರಿನಲ್ಲಿ ವ್ಯಾಪಾರಿಯ ಸ್ವಾರ್ಥವೂ ಊರಿನ ಹಿತವೂ ಬಹಳಷ್ಟು ದೂರ ಒಟ್ಟಿಗೇ ನಡೆಯುತ್ತವೆ. ಎಲ್ಲಿ ಅಗಲುತ್ತವೆಯೋ ಅಲ್ಲಿ ಚುನಾಯಿತ ಸಂಸ್ಥೆ ಬೇಕು, ಅದು ಅಲ್ಲಿ ಇಲ್ಲ. ನಮ್ಮಲ್ಲಿ ಪಂಚಾಯಿತಿ ಇದೆ. ಅದರ ಸಭೆಗೆ ನಾವೆಷ್ಟು ಮಂದಿ ಹೋಗುತ್ತೇವೆ ಎಂಬುದನ್ನು ಓದುಗರೇ ಹೇಳಬೇಕು.

ಇದು ಶಾಲೆಯ ಸಂಚಿಕೆಯಾದ್ದರಿಂದ ಅಲ್ಲಿನ ಶಾಲೆಯ ವಿಷಯ ಹೇಳಿ ಮುಗಿಸುತ್ತೇನೆ. ಒಂದೇ ಸರ್ಕಾರಿ ಶಾಲೆ, ಶಿಶುವಿಹಾರದಿಂದ ಹನ್ನೆರಡನೇ ತರಗತಿಯವರೆಗೆ. ಇಡೀ ರಾಜ್ಯದ ಅತಿ ಸಣ್ಣ ಸರ್ಕಾರಿ ಶಾಲೆಗಳಲ್ಲಿ ಒಂದು. ದ್ವೀಪದವರ ಇಂಗ್ಲಿಷ್‌ಗೆ ತನ್ನದೇ ರಾಗವಿದೆ, 'ಹೈ ಟೈಡ್' ಎನ್ನುವುದನ್ನು 'ಹಾಯ್ ಟಾಯ್ಡ್' ಎಂಬಂತೆ ಹೇಳುತ್ತಾರೆ. ಹೊರಗಿನಿಂದ ಬಂದವರಿಗೆ ಅವರದೇ ಪದ 'ಡಿಂಗ್‌ಬ್ಯಾಟರ್'. ರ್‍ಯಾಲಿಯ ವಿಶ್ವವಿದ್ಯಾಲಯದ ಭಾಷಾಶಾಸ್ತ್ರಜ್ಞ ವಾಲ್ಟ್ ವೂಲ್ಫ್ರಮ್ 1990ರ ದಶಕದಿಂದ ಈ ನುಡಿಯನ್ನು ಅಧ್ಯಯನ ಮಾಡಿ, ಅದು ತೀವ್ರವಾಗಿ ಕಳೆದುಹೋಗುತ್ತಿದೆ ಎಂದು ದಾಖಲಿಸಿದರು. ಅಷ್ಟಕ್ಕೇ ಬಿಡದೆ ಆ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಅವರ ಊರಿನ ಮಾತಿನ ಬಗ್ಗೆಯೇ ಪಾಠ ಮಾಡುವ ಪದ್ಧತಿಯನ್ನೂ ಆರಂಭಿಸಿದರು. ನಿಮ್ಮ ಮಾತು ತಪ್ಪು ಇಂಗ್ಲಿಷ್ ಅಲ್ಲ, ಅದಕ್ಕೂ ವ್ಯಾಕರಣವಿದೆ ಎಂದು ಆ ಮಕ್ಕಳಿಗೆ ಹೇಳಿಕೊಟ್ಟರು. ನಮ್ಮ ಹಳ್ಳಿಯ ಕನ್ನಡವನ್ನು ಪೇಟೆಯ ಕಾಲೇಜಿನಲ್ಲಿ ನುಂಗಿಕೊಂಡು ಮಾತಾಡಿದ ನಮಗೆ ಅಂಥ ಒಂದು ಪಾಠ ಸಿಕ್ಕಿದ್ದರೆ ಚೆನ್ನಾಗಿತ್ತು.

ಡೋರಿಯನ್‌ನಲ್ಲಿ ಆ ಶಾಲೆಯೂ ಮುಳುಗಿತು. ಕಟ್ಟಡ ಬಳಸಲಾಗದ ಸ್ಥಿತಿಗೆ ಬಂದರೂ ಮಕ್ಕಳನ್ನು ಬೇರೆ ಊರಿಗೆ ಕಳಿಸಲಿಲ್ಲ. ಕಳಿಸಿದ್ದರೆ ಅಪ್ಪ ಅಮ್ಮಂದಿರೂ ಹೋಗುತ್ತಿದ್ದರು. ಬಂದರಿನ ಬಾಯಿಯಲ್ಲಿ ಕರಾವಳಿ ರಕ್ಷಣಾ ಪಡೆಯ ಹಳೆಯ ಠಾಣೆಯೊಂದಿದೆ, ಈಗ ಅದು ರಾಜ್ಯದ ಶಿಕ್ಷಕರ ತರಬೇತಿ ಕೇಂದ್ರ. ಅಲ್ಲಿಯೂ, ಊರಿನ ಶಿಶುಪಾಲನಾ ಕೇಂದ್ರದಲ್ಲಿಯೂ ತರಗತಿಗಳು ಶುರುವಾದವು. 2021ರಲ್ಲಿ ನಾನು ಎರಡನೆಯ ಸಲ ಹೋದಾಗ ಹಳ್ಳಿಯಲ್ಲಿ ಮನೆಗಳನ್ನು ಜಾಕ್ ಕೊಟ್ಟು ಎತ್ತಿ, ಕೆಳಗೆ ಎತ್ತರದ ಕಂಬಗಳನ್ನು ನಿಲ್ಲಿಸುವ ಕೆಲಸ ಇನ್ನೂ ನಡೆಯುತ್ತಿತ್ತು. ಬೀದಿಯಲ್ಲಿ ಒಂದು ಮನೆ ನೆಲದಲ್ಲಿ, ಪಕ್ಕದ್ದು ಆಳೆತ್ತರದಲ್ಲಿ. ಎತ್ತರದ ಮನೆಯ ಕೆಳಗೆ ಯಾರೋ ಬಲೆ ಒಣಗಿಸಿದ್ದರು. ಫೆರಿಯ ಸಾಲಿನಲ್ಲಿ ನಮ್ಮ ಮುಂದೆ ಸಿಮೆಂಟು, ಮರ ತುಂಬಿದ ಎರಡು ಲಾರಿಗಳಿದ್ದವು. ಅವು ದಾಟಿದ ಮೇಲೆ ನಮ್ಮ ಸರದಿ ಬಂತು.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು